ಮಗಳ ಹಾಸಿಗೆಯ ಮೇಲಿನ ಮರೆ

ಭಕ್ತಬಂಧುಗಳೇ, ನಮ್ಮ ಭಜನಾ ಬಳಗದ ಪತ್ರಿಕೆಗೆ ಅನುಭವ ಬರೆದುಕೊಡಿ ಎಂದಿದ್ದೀರಿ. ಬರೆದಿದ್ದೇನೆ, ಕತ್ತರಿಸದೆ ಹಾಕಿ.

ವೀಸಾ ಸ್ಟಾಂಪಿಂಗಿಗೆ ಊರಿಗೆ ಹೋದ ನನ್ನ ಗಂಡ ವೀಸಾ ಸಿಗದೆ ಅಲ್ಲೇ ಸಿಕ್ಕಿಕೊಂಡರು, ಅವರ ಇಲ್ಲಿನ ಕೆಲಸವೂ ಹೋಯಿತು. ಕ್ಯುಪರ್ಟಿನೋದ ಅಪಾರ್ಟ್‌ಮೆಂಟು ಬಿಟ್ಟು, ಎಂಟು ವರ್ಷದ ಮಗಳು ಅದಿತಿಯೊಂದಿಗೆ ಹಳೆಯ ಆರ್‌ವಿಗೆ, ಅಂದರೆ ಚಕ್ರದ ಮೇಲಿನ ಮನೆಗೆ, ಬಂದೆ. ಬಟನ್ ಒತ್ತಿದರೆ ಅದರ ಒಂದು ಗೋಡೆ ಹೊರಕ್ಕೆ ಸರಿದು ಜಾಗ ಅಗಲವಾಗುತ್ತದೆ. ಹಾಗೆ ಚಾಚಿದ ಭಾಗದಲ್ಲೇ ಮಗಳ ಹಾಸಿಗೆ. ನವೆಂಬರಿನ ಮೊದಲ ಮಳೆಗೆ ಆ ಭಾಗದ ಚಾವಣಿಯ ಮೇಲೆ ನಿಂತ ನೀರು ಒಳಗಿಳಿಯಿತು. "ಅಮ್ಮಾ, ಇಟ್ಸ್ ಡ್ರಿಪ್ಪಿಂಗ್ ಅಗೇನ್," ಎಂದು ಕೆಮ್ಮುತ್ತಾ ಏಳುತ್ತಿದ್ದಳು. ಆಸ್ತಮಾ ಏರಿ ಎರಡು ಸಲ ಎಮರ್ಜೆನ್ಸಿಗೆ ಓಡಿದೆ. ಒದ್ದೆ, ಬೂಷ್ಟು ಇರುವಲ್ಲಿ ಮಲಗಿಸಬೇಡಿ ಎಂದರು ಡಾಕ್ಟರು. ಬೇರೆಲ್ಲಿ ಮಲಗಿಸಲಿ?

ಮಳೆನೀರು ನಿಲ್ಲದಂತೆ ಆ ಭಾಗದ ಮೇಲೆ ಕಟ್ಟುವ ಬಟ್ಟೆಯ ಮರೆ ತರಿಸಿದೆ. ಸ್ಪ್ರಿಂಗಿನ ಉರುಳೆಗೆ ಸುತ್ತಿದ್ದು, ಕಟ್ಟಲು ಇಬ್ಬರು ಬೇಕು. ಶನಿವಾರ ಎರಡು ಗಂಟೆ ಹೊತ್ತು ಯಾರಾದರೂ ಬರುತ್ತೀರಾ ಎಂದು ಬಳಗದ ಗ್ರೂಪಿನಲ್ಲಿ ಕೇಳಿದೆ. ಮೂವತ್ತು ಕೈಮುಗಿದ ಚಿತ್ರಗಳು ಬಂದವು. "ನಾವೆಲ್ಲ ಪ್ರೇ ಮಾಡ್ತಿದೀವಿ, ಟೆನ್ಷನ್ ತಗೋಬೇಡಿ," ಎಂದರೊಬ್ಬರು. ಹನ್ನೊಂದು ವರ್ಷ ನಿಮ್ಮ ಮನೆಗಳಲ್ಲಿ ಹಾಡಿದವಳು ನಾನು. 

ಒಬ್ಬಳೇ ತೊಡಗಿದೆ. ಹೊಸ ವಸ್ತುವನ್ನು ಪೂಜೆಯಿಲ್ಲದೆ ಬಳಸಿ ಅಭ್ಯಾಸವಿಲ್ಲ. ಪ್ಯಾಕಿಂಗು, ಚೀಟಿ ಎಲ್ಲ ತೆಗೆದು ಕುಂಕುಮ ಹಚ್ಚುವಾಗ ಕೆಂಪು ಚೀಟಿಯಿದ್ದ ಪಿನ್ನನ್ನೂ ಎಳೆದುಬಿಟ್ಟೆ. ಸ್ಪ್ರಿಂಗನ್ನು ಹಿಡಿದಿಟ್ಟದ್ದೇ ಅದು. ಉರುಳೆ ಗಿರ್ರನೆ ತಿರುಗಿ ಮಣಿಕಟ್ಟಿಗೆ ಬಡಿಯಿತು, ಬಿಗಿಯೆಲ್ಲ ಬಿಚ್ಚಿಹೋಯಿತು. ಮೇಲೆ ಮೋಡ ಕಟ್ಟುತ್ತಿತ್ತು. ನೆಲದಲ್ಲೇ ಕುಳಿತು, "ದುರ್ಗಮ್ಮಾ, ನಿನ್ನ ಕುಂಕುಮ ಇಟ್ಟದ್ದೇ ತಪ್ಪಾಯ್ತಾ? ಮಗುವಿನ ಉಸಿರೊಂದು ಉಳಿಸು," ಎಂದು ಅತ್ತೆ.

ಅಳು ಕೇಳಿ ಬಂದವನು ಪಕ್ಕದ ಆರ್‌ವಿಯ ಮುದುಕ ಡೆನ್ನಿಸ್. ಹೊರಗೆ ಮಾಂಸ ಸುಡುತ್ತಾನೆಂದು ನಾನು ಆರ್‌ವಿ ನಿಲ್ಲಿಸುವ ಜಾಗದ ಮ್ಯಾನೇಜರಿಗೆ ಎರಡು ಸಲ ದೂರು ಕೊಟ್ಟಿದ್ದೆ. ಅದು ಅವನಿಗೆ ಗೊತ್ತಿತ್ತು. ಪಿನ್ನನ್ನು ಕೊನೆಗೆ ತೆಗೆಯಬೇಕು ಎಂದಷ್ಟೇ ಹೇಳಿ, ಇಕ್ಕಳದಿಂದ ಹಿಡಿದು, ಸುತ್ತು ಎಣಿಸುತ್ತಾ ಸ್ಪ್ರಿಂಗನ್ನು ಮತ್ತೆ ಬಿಗಿದ. ತನ್ನ ಏಣಿ ತಂದು ಒಂದು ತುದಿ ಹಿಡಿದ, ಇನ್ನೊಂದು ತುದಿ ನಾನು. ಕುಂಕುಮ ಅವನ ಕೈಗೂ ಹತ್ತಿತು. ಸಂಜೆಯ ಮಳೆಗೆ ಒಳಗೆ ಒಂದು ಹನಿಯೂ ಬೀಳಲಿಲ್ಲ. ಆ ಚಳಿಗಾಲದಲ್ಲಿ ಮಗಳು ಮತ್ತೆ ಎಮರ್ಜೆನ್ಸಿ ನೋಡಲಿಲ್ಲ.

ಸುದ್ದಿ ತಿಳಿದು "ನಮ್ಮ ಪ್ರೇಯರ್ ವರ್ಕ್ ಆಯ್ತು" ಎಂದು ಗ್ರೂಪಿನಲ್ಲಿ ಬರೆದಿರಿ. ನಿಜ, ಆಯಿತು. ನೀವು ಮೂವತ್ತು ಜನ ಬೇಡಿದಿರಿ. ದುರ್ಗಮ್ಮ ನಿಮ್ಮಲ್ಲೊಬ್ಬರನ್ನೂ ನೆಚ್ಚದೆ, ನಾನು ದೂರು ಕೊಟ್ಟವನನ್ನು ಕಳುಹಿಸಿದಳು. ಅವಳ ಮೇಲಿನ ನಂಬಿಕೆ ಈಗ ಮೊದಲಿಗಿಂತ ಗಟ್ಟಿ. ಶುಕ್ರವಾರದ ಭಜನೆಗೆ ಮಾತ್ರ ನನಗಾಗಿ ಕಾಯಬೇಡಿ.