ರಾಯರು ಓದುತ್ತಿದ್ದ ಕಾದಂಬರಿ

ಕೊಲೆಯ ಕಥೆ ಓದುವವರಷ್ಟು ಸಾಧು ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಖಾಲಿ ರಸ್ತೆಯಲ್ಲೂ ಸ್ಟಾಪ್ ಸೈನ್ ಕಂಡರೆ ಕಾರನ್ನು ಪೂರ್ತಿ ನಿಲ್ಲಿಸಿ ಎಡಬಲ ನೋಡುವವರು, ಪಕ್ಕದ ಮನೆಯ ನಾಯಿ ಅಡ್ಡ ಬಂದರೆ ಅದಕ್ಕೂ ಸಾರಿ ಹೇಳುವವರು ಅವರು. ಆದರೆ ನಾಲ್ಕು ಜನ ಒಟ್ಟು ಸೇರಿದರೆಂದರೆ, "ಕತ್ತು ಹಿಸುಕಿದ್ದು ಆಮೇಲೆ ಕಣ್ರೀ, ಅದಕ್ಕೆ ಮೊದಲೇ ವಿಷ ಹಾಕಿದಾರೆ" ಎನ್ನುತ್ತ ಕೋಸಂಬರಿಯ ಬಟ್ಟಲನ್ನು ಪಕ್ಕದವರಿಗೆ ದಾಟಿಸುತ್ತಾರೆ. ನಾನೂ ಅಂಥವನೇ. ಮನೆಯಲ್ಲಿ ಜೇಡ ಕಂಡರೆ ಹೆಂಡತಿಯನ್ನು ಕರೆಯುತ್ತೇನೆ.

ನ್ಯೂಜೆರ್ಸಿಯ ನಮ್ಮ ಪಾರ್ಸಿಪನಿಯ ಸುತ್ತಮುತ್ತ ಇಂಥವರದ್ದೊಂದು ಪುಟ್ಟ ಕೂಟವಿದೆ. ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. "ಈಗ ಏನು ಓದ್ತಾ ಇದೀರಿ?" ಎಂಬ ಒಂದೇ ಪ್ರಶ್ನೆಗೆ ಸರದಿಯ ಪ್ರಕಾರ ಉತ್ತರ ಕೊಡುವುದು ನಮ್ಮ ಕಾರ್ಯಕ್ರಮ. ಕೊನೆ ಹೇಳಬಾರದು ಎನ್ನುವುದು ನಮ್ಮ ಏಕೈಕ ಕಾನೂನು. ವೆಸ್ಟ್ ವಿಂಡ್ಸರ್‌ನಿಂದ ಡ್ರೈವ್ ಮಾಡಿಕೊಂಡು ಬರುವ ಲತಾ ಧಾರವಾಡದವರು, ಯಾರನ್ನೂ ನಂಬುವುದಿಲ್ಲ. ಮಂಗಳೂರಿನ ಗ್ಲ್ಯಾಡಿಸ್ ಆಸ್ಪತ್ರೆಯಲ್ಲಿ ನರ್ಸ್; ಯಾವ ವಿಷ ಎಷ್ಟು ಹೊತ್ತಿಗೆ ಕೆಲಸ ಮಾಡುತ್ತದೆಂದು ಲೇಖಕ ತಪ್ಪು ಬರೆದರೆ ಆತನನ್ನು ಕ್ಷಮಿಸುವುದಿಲ್ಲ. ಇನ್ನೊಬ್ಬರು ಮಂಜುನಾಥ ರಾಯರು. ಕುಂದಾಪುರ ಕಡೆಯವರು. ಬಹಳ ವರ್ಷ ಇಲ್ಲಿಯೇ ಹೋಟೆಲು ನಡೆಸಿ, ಈಗ ಎಲ್ಲ ಬಿಟ್ಟು ಮಗಳ ಮನೆಯಲ್ಲಿದ್ದಾರೆ. ಅವರಿರುವುದು ನಮ್ಮದೇ ಟೌನ್‌ಹೌಸ್ ಕಾಲೊನಿಯಲ್ಲಾದ್ದರಿಂದ ಕೂಟಕ್ಕೆ ಅವರನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಒಂದೇ ಅಚ್ಚಿನಲ್ಲಿ ಒತ್ತಿದಂತಿರುವ ಕಾಲೊನಿ ಅದು. ಯಾವ ಮನೆಯ ಬೆನ್ನು ಯಾವ ಮನೆಯ ಮುಖಕ್ಕಿದೆ ಎಂದು ಅದನ್ನು ಕಟ್ಟಿದವನಿಗೂ ಗೊತ್ತಿರಲಾರದು.

ಹೋದ ಚಳಿಗಾಲದಲ್ಲಿ ನಮ್ಮನ್ನೆಲ್ಲ ಹಿಡಿದಿಟ್ಟದ್ದು ರಾಯರು ಓದುತ್ತಿದ್ದ ಕಾದಂಬರಿ.

"ಒಂದು ಹೆಂಗಸು," ಎಂದು ಅವರು ಶುರು ಮಾಡಿದ್ದರು. "ಪ್ರತಿ ಗುರುವಾರ ಬೆಳಿಗ್ಗೆ ಮನೆಯಿಂದ ಒಂದು ಕೆಂಪು ಚೀಲ ಹೊತ್ಕೊಂಡು ಹೊರಗೆ ಬರ್ತಾಳೆ. ಭಾರ ಅಂದ್ರೆ ಭಾರ, ಒಂದು ಬದಿಗೆ ವಾಲಿಕೊಂಡೇ ನಡೀತಾಳೆ. ಆಚೆ ಈಚೆ ನೋಡ್ತಾಳೆ. ಕಾರಲ್ಲಿ ಇಡ್ತಾಳೆ, ಹೋಗ್ತಾಳೆ. ವಾಪಸ್ ಬರುವಾಗ ಚೀಲ ಖಾಲಿ, ಮಡಚಿ ಕಂಕುಳಲ್ಲಿ ಇಟ್ಕೊಂಡಿರ್ತಾಳೆ."

"ನೋಡೋಕೆ ಹೇಗಿದಾಳೆ?" ಎಂದು ಕೇಳಿದೆ.

"ಮುಖದ ವರ್ಣನೆಯೇ ಇಲ್ಲ ಮಾರಾಯ್ರೆ. ಎಲ್ಲ ಮಸುಕು ಮಸುಕು."

ನಾನು ತಲೆದೂಗಿದೆ. ನಾಯಕಿಯ ಮುಖ ವರ್ಣಿಸದೆ ಚೀಲ ವರ್ಣಿಸುವ ಲೇಖಕ ಸಾಮಾನ್ಯನಲ್ಲ ಎಂದು ಚಿಕ್ಕದೊಂದು ಭಾಷಣವನ್ನೂ ಮಾಡಿದೆ. ಪುಸ್ತಕದ ಹೆಸರು ಕೇಳಿದರೆ ರಾಯರು, "ಮುಗಿದ ಮೇಲೆ ಹೇಳ್ತೇನೆ" ಎಂದು ಚಹಾ ಕಪ್ಪಿಗಾಗಿ ಕೈ ಚಾಚಿದರು.

ಮುಂದಿನ ತಿಂಗಳೂ ಚೀಲ ಹೊರಗೆ ಹೋಯಿತು. ಹೆಂಗಸಿಗೆ ಗಂಡನೊಬ್ಬ ಇರಬೇಕು, ಆದರೆ ಅವನು ಎಲ್ಲೂ ಕಾಣಿಸುತ್ತಿಲ್ಲ ಎಂದರು ರಾಯರು. ಅಷ್ಟು ಸಾಕಾಯಿತು.

"ಆಕಿ ಗಂಡನ್ನ ಮುಗಿಸ್ಯಾಳ್ರೀ," ಎಂದರು ಲತಾ. "ಇದರಾಗ ಸಂಶಯನ ಇಲ್ಲ."

"ಇಡೀ ಬಾಡಿ ಒಂದು ಚೀಲದಲ್ಲಿ ಹೋಗೂದಿಲ್ಲ," ಎಂದರು ಗ್ಲ್ಯಾಡಿಸ್, ಹಪ್ಪಳ ಮುರಿಯುತ್ತ. "ಇನ್‌ಸ್ಟಾಲ್‌ಮೆಂಟಲ್ಲಿ ಹೋಗ್ಬೇಕು. ಅದಕ್ಕೇ ವಾರ ವಾರ."

ನಾನು ಇಬ್ಬರನ್ನೂ ಅನುಮೋದಿಸಿದೆ. ಅಷ್ಟೇ ಅಲ್ಲ, ಹೆಂಡತಿ ಇಷ್ಟು ದೊಡ್ಡ ಚೀಲ ತಂದಿಟ್ಟುಕೊಂಡಿದ್ದರೂ ಬದುಕಿದ್ದಾಗ ಗಮನಿಸದಿದ್ದ ಗಂಡ ಸತ್ತದ್ದು ಸಾಹಿತ್ಯಕ್ಕೆ ನಷ್ಟವಲ್ಲ ಎಂದೆ. ಎಲ್ಲರೂ ನಕ್ಕರು. ನಾನು ಹೆಚ್ಚು ನಕ್ಕೆ.

ಆದರೆ ಫೆಬ್ರವರಿಯ ಕೂಟದಲ್ಲಿ ರಾಯರು ಬಾಂಬು ಹಾಕಿದರು. ಗಂಡ ಬದುಕಿದ್ದಾನೆ! ಶನಿವಾರ ಆತ ಹೊರಗೆ ಹೋಗಿ, ಅದೇ ಕೆಂಪು ಚೀಲವನ್ನು ತುಂಬಿಸಿಕೊಂಡು, ಅದೇ ಬದಿಗೆ ವಾಲಿಕೊಂಡು, ಮನೆಯೊಳಗೆ ತಂದಿದ್ದಾನೆ.

ಗುರುವಾರ ಹೆಂಡತಿ ಹೊರಗೆ ಹಾಕಿದ್ದನ್ನು ಶನಿವಾರ ಗಂಡ ಒಳಗೆ ತರುತ್ತಿದ್ದಾನೆಂದರೆ ಏನರ್ಥ? ಗ್ಲ್ಯಾಡಿಸ್ ಕಿಡ್ನಿ ವ್ಯಾಪಾರ ಎಂದರು. ಲತಾ, "ಬ್ಯಾರೆ ಯಾರನೋ ಕೊಂದಾಳ, ಇವ ಪೀಸ್ ವಾಪಸ್ ತಂದು ಆಕಿನ್ನ ಬ್ಲ್ಯಾಕ್‌ಮೇಲ್ ಮಾಡಾಕತ್ತಾನ" ಎಂದರು. ನನಗೆ ಮಾತ್ರ ಆ ಗಂಡನ ಪಾತ್ರ ಹಿಡಿಸಲಿಲ್ಲ. ಇಷ್ಟು ಹುಂಬನೊಬ್ಬ ಲೋಕದಲ್ಲಿ ಇರಲು ಸಾಧ್ಯವೇ, ಲೇಖಕ ಇಲ್ಲಿ ಎಡವಿದ್ದಾನೆ ಎಂದು ಬೋಂಡಾ ಬಾಯಿಗಿಟ್ಟೆ.

"ಮನೆ ಎದುರಿಗೆ ಒಂದು ಕಿತ್ತಳೆ ಬಣ್ಣದ್ದು ತೂಗಾಡ್ತಾ ಉಂಟು," ಎಂದರು ರಾಯರು, ನೆನಪಿಸಿಕೊಳ್ಳುವಂತೆ. "ನಕ್ಷತ್ರದ ಆಕಾರ ಇರ್ಬೇಕು. ಬಾಲ ಹರಿದು ಗಾಳಿಗೆ ಹಾರ್ತದೆ. ದೀಪಾವಳಿಯದ್ದು ಇನ್ನೂ ತೆಗೀಲಿಲ್ಲ ಆ ಸೋಮಾರಿ."

ಬೋಂಡಾ ಅಲ್ಲಿಯೇ ನಿಂತಿತು. ಇಡೀ ಕಾಲೊನಿಯಲ್ಲಿ ಫೆಬ್ರವರಿಯವರೆಗೂ ಆಕಾಶಬುಟ್ಟಿ ನೇತಾಡುತ್ತಿರುವ ಮನೆ ಒಂದೇ ಒಂದು. ಅದನ್ನು ತೆಗೆಯಿರಿ ಎಂದು ಸುಮಿತ್ರಾ ಕಾರ್ತೀಕದಿಂದ ಹೇಳುತ್ತಿದ್ದಾಳೆ. ಸುಮಿತ್ರಾ ಎಂದರೆ ನನ್ನ ಹೆಂಡತಿ.

ರಾಯರನ್ನು ಮನೆಗೆ ಬಿಡುವಾಗ ಕಾರಿನಲ್ಲಿ ಕೇಳಿದೆ: "ರಾಯರೇ, ನಿಜ ಹೇಳಿ. ಆ ಪುಸ್ತಕದ ಹೆಸರೇನು?"

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. "ಪುಸ್ತಕ ಇಲ್ಲ ಮಾರಾಯ್ರೆ," ಎಂದರು. "ಕಣ್ಣು ಹೋಯ್ತಲ್ಲ. ಪೂರ್ತಿ ಅಲ್ಲ, ನಡುವೆ ಮಾತ್ರ. ಎದುರಿಗೆ ಇರುವುದು ಮಸುಕು, ಅಂಚಲ್ಲಿ ಇರುವುದು ಕಾಣ್ತದೆ. ಅಕ್ಷರ ಅಂಚಲ್ಲಿ ನಿಲ್ಲೂದಿಲ್ಲ ಅಲ್ವಾ? ನೀವೆಲ್ಲ 'ಏನು ಓದ್ತಾ ಇದೀರಿ, ಏನು ಓದ್ತಾ ಇದೀರಿ' ಅಂತ ಕೇಳ್ತೀರಿ. ಓದ್ಲಿಕ್ಕೆ ಆಗೂದಿಲ್ಲ ಅಂದ್ರೆ ಮತ್ತೆ ಕರೀತೀರಾ ಇಲ್ವಾ ಅಂತ... ಅದಕ್ಕೆ ಕಿಟಕಿ ಓದಿದೆ."

"ಆಡಿಯೋ ಬುಕ್ ಇದೆಯಲ್ಲ ರಾಯರೇ?"

"ಮಗಳು ಹಾಕಿ ಕೊಡ್ತಾಳೆ. ನಿದ್ರೆ ಬರ್ತದೆ. ಎಚ್ಚರ ಆಗುವಾಗ ಕೊಲೆಗಾರ ಜೈಲಿಗೆ ಹೋಗಿ ಆಗಿರ್ತದೆ."

ನಾನು ನಗಬೇಕೋ ಬೇಡವೋ ತಿಳಿಯದೆ ಸಿಗ್ನಲ್ ನೋಡಿದೆ. ಅವರ ಹಿಂದಿನ ಕಿಟಕಿ ನಮ್ಮ ಮುಂಬಾಗಿಲಿಗೆ ಎದುರಾಗಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಮನೆ ನಮ್ಮದೇ ಎಂದು ಆ ಹೊತ್ತಿನಲ್ಲಿ ಹೇಳುವ ಧೈರ್ಯವೂ ಬರಲಿಲ್ಲ.

ನಮ್ಮ ಆಲಂಕಾರಿಕರು ಶಂಕೆಯನ್ನು ಸಂಚಾರಿ ಭಾವಗಳ ಸಾಲಿಗೆ ಸೇರಿಸಿದ್ದಾರೆ. ಎಂದರೆ ಬಂದು ಹೋಗುವ ಅತಿಥಿ. ರಸವಾಗುವ ಯೋಗ್ಯತೆ ಅದಕ್ಕಿಲ್ಲ. ಅವರು ನ್ಯೂಜೆರ್ಸಿ ನೋಡಿರಲಿಲ್ಲ. ಆ ಭಾನುವಾರ ನಮ್ಮ ಮನೆಗೆ ವಿಸಿಟರ್ ವೀಸಾದಲ್ಲಿ ಬಂದ ಶಂಕೆ, ಸೋಮವಾರದ ಹೊತ್ತಿಗೆ ಗ್ರೀನ್ ಕಾರ್ಡ್ ತೆಗೆದುಕೊಂಡು ಸೋಫಾದ ಮೇಲೆ ಕಾಲು ಚಾಚಿತು. ಸುಮಿತ್ರಾ ಹಲ್ಲಿನ ಡಾಕ್ಟರರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಗುರುವಾರ ಅವಳಿಗೆ ರಜೆ, ನಾನು ಮಾರಿಸ್‌ಟೌನಿನ ಆಫೀಸಿನಲ್ಲಿರುತ್ತೇನೆ. ಆ ಚೀಲದಲ್ಲಿ ಏನಿದೆ? ನಾನು ಬದುಕಿರುವುದರಿಂದ ನಾನಂತೂ ಅಲ್ಲ. ಆಮೇಲೆ ಹೊಳೆದದ್ದು ನಗುವಂಥದ್ದಾಗಿರಲಿಲ್ಲ. ಬಟ್ಟೆಬರೆಯನ್ನು ಸ್ವಲ್ಪ ಸ್ವಲ್ಪವಾಗಿ ಬೇರೆಲ್ಲಿಗೋ ಸಾಗಿಸುತ್ತಿದ್ದಾಳೆಯೇ? ಒಂದು ಗುರುವಾರ ಚೀಲದ ಜೊತೆ ಅವಳೂ ಹೋಗಿಬಿಟ್ಟರೆ? ಹಾಗೆ ಹೋಗುವುದಕ್ಕೆ ಕಾರಣವೇನಿರಬಹುದೆಂದು ಯೋಚಿಸಿದೆ. ಯೋಚಿಸಬಾರದಿತ್ತು, ಕಾರಣಗಳು ಬಹಳ ಸುಲಭವಾಗಿ ಸಿಕ್ಕವು.

ಅವಳು ಸ್ನಾನಕ್ಕೆ ಹೋದಾಗ ಬೀರು ತೆಗೆದೆ. ಸೀರೆಗಳೆಲ್ಲ ಇದ್ದವು. ಅಡುಗೆಮನೆಯಲ್ಲಿ ಪಾತ್ರೆಗಳಿದ್ದವು. ಪತ್ತೇದಾರನ ಕಣ್ಣಿನಿಂದ ಇಡೀ ಮನೆ ಜಾಲಾಡಿ, ಏನೂ ಕಡಿಮೆಯಾಗಿಲ್ಲವೆಂದು ಖಚಿತಪಡಿಸಿಕೊಂಡು, ದಣಿದು, ಕೈಯಲ್ಲಿ ಬೇಳೆ ಡಬ್ಬ ಇದ್ದ ಹಾಗೆಯೇ ನನ್ನ ಪುಸ್ತಕದ ಕಪಾಟಿಗೆ ಒರಗಿ ನಿಂತೆ.

"ಏನ್ರೀ ಹುಡುಕ್ತಾ ಇದೀರಿ?" ಎಂದು ಸುಮಿತ್ರಾ ಬಂದಳು.

"ಉಗುರು ಕತ್ತರಿ."

"ಬೇಳೆ ಡಬ್ಬದಲ್ಲಾ?"

ಗುರುವಾರ ಆಫೀಸಿಗೆ ಹುಷಾರಿಲ್ಲವೆಂದು ಹೇಳಿ, ಕಾರನ್ನು ಕಾಲೊನಿಯ ಗೇಟಿನ ಆಚೆ ನಿಲ್ಲಿಸಿಕೊಂಡು ಕಾದೆ. ತಲೆಗೆ ಮಂಕಿ ಟೋಪಿ, ಕಣ್ಣಿಗೆ ತಂಪು ಕನ್ನಡಕ. ಕಾರು ಮಾತ್ರ ನಮ್ಮದೇ, ನಂಬರ್ ಪ್ಲೇಟಿನ ಪಕ್ಕದಲ್ಲಿ ಮಗಳ ಕಾಲೇಜಿನ ಸ್ಟಿಕ್ಕರ್ ಸಮೇತ. ಸುಮಿತ್ರಾ ಹೊರಟಳು. ನಾನು ಹಿಂದೆ ಬಿದ್ದೆ. ಅವಳ ಇಂಡಿಕೇಟರ್ ಬಲಕ್ಕೆ ಮಿನುಗಿದಾಗಲೆಲ್ಲ ನನ್ನ ಎದೆಯೂ ಮಿನುಗಿತು. ಕೊನೆಗೆ ಕಾರು ತಿರುಗಿದ್ದು ನಮ್ಮೂರಿನ ಲೈಬ್ರರಿಯ ಹಿಂಭಾಗಕ್ಕೆ. ಅಲ್ಲಿ, ಜನರು ದಾನ ಕೊಡುವ ಪುಸ್ತಕಗಳಿಗೆಂದು ಇಟ್ಟಿರುವ ಕಬ್ಬಿಣದ ಪೆಟ್ಟಿಗೆಯ ಮುಂದೆ ನಿಂತು, ಅವಳು ಕೆಂಪು ಚೀಲದಿಂದ ಒಂದೊಂದೇ ಪುಸ್ತಕ ತೆಗೆದು ಒಳಗೆ ಬಿಡತೊಡಗಿದಳು. ಕಪ್ಪು ರಟ್ಟಿನ ಮೇಲೆ ರಕ್ತದ ಚಾಕು. ಮಂಜಿನೊಳಗೆ ಒಂಟಿ ಮನೆ. ಎಲ್ಲವೂ ನನ್ನವು. ಹೋದ ಶನಿವಾರವಷ್ಟೇ ಅದೇ ಲೈಬ್ರರಿಯ ಬಾಗಿಲಲ್ಲಿರುವ ಮಾರಾಟದ ಕಪಾಟಿನಿಂದ, ಅಪರೂಪದ ಮಾಲು ಸಿಕ್ಕಿತೆಂದು ಬೀಗುತ್ತ ನಾನು ಹೊತ್ತು ತಂದಂಥವು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಕೊಟ್ಟದ್ದನ್ನು ಲೈಬ್ರರಿಯವರು ಕಪಾಟಿನಲ್ಲಿಡುತ್ತಾರೆ. ನಾನು ಅದನ್ನು ಕೊಂಡು ತರುತ್ತೇನೆ. ಅವಳು ಮತ್ತೆ ಕೊಡುತ್ತಾಳೆ.

ಕಾರಿನಿಂದ ಇಳಿದು ಟೋಪಿ ತೆಗೆದೆ. ಸುಮಿತ್ರಾ ಬೆಚ್ಚಲಿಲ್ಲ. "ಗೇಟಿನ ಹತ್ತಿರವೇ ನೋಡಿದೆ," ಎಂದಳು. "ಚಳಿ ಅಂತ ಹಾಕ್ಕೊಂಡಿದೀರಿ ಅಂದ್ಕೊಂಡೆ."

"ಯಾಕೆ ಸುಮಿ ಹೀಗೆ?"

"ಇನ್ನೇನ್ರೀ ಮಾಡ್ಲಿ? ಬಾತ್‌ರೂಮಲ್ಲೂ ಹೆಣ, ಊಟದ ಟೇಬಲ್ ಮೇಲೂ ಹೆಣ. ನಿಮಗೆ ಹೇಳಿದ್ರೆ ಒಂದೂ ಬಿಟ್ಟುಕೊಡಲ್ಲ. ಅದಕ್ಕೆ ಓದಿ ಮುಗಿಸಿದ್ದನ್ನ ಸುಮ್ಮನೆ ತಂದು ಹಾಕ್ತಿದ್ದೆ. ನೀವು ಅದನ್ನೇ ವಾಪಸ್ ತರೋಕೆ ಶುರು ಮಾಡಿದ್ರಿ! ಬಾಯಿಬಿಟ್ಟು ಜಗಳ ಆಡದೆ ಹೀಗೆ ಜಗಳ ಆಡ್ತಾ ಇದಾರೆ ಅಂತ ನಾನೂ ಬಿಡ್ಲಿಲ್ಲ. ನೋಡೋಣ, ಯಾರು ಮೊದಲು ಸೋಲ್ತಾರೆ ಅಂತ."

ಎಂಥ ಗೌರವದ ದಾರಿಯೊಂದು ನನ್ನೆದುರು ತೆರೆದಿತ್ತು ನೋಡಿ. ಹೌದು, ಬೇಕೆಂದೇ ತರುತ್ತಿದ್ದೆ ಎಂದುಬಿಟ್ಟಿದ್ದರೆ ಹಟಮಾರಿ ಎನಿಸಿಕೊಂಡು ಉಳಿಯುತ್ತಿದ್ದೆ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಿಧಾನವಾಗಿ ಅವಳ ಹುಬ್ಬು ಮೇಲೇರಿತು.

"ಅಯ್ಯೋ ದೇವರೇ. ನಿಜವಾಗ್ಲೂ ಗೊತ್ತೇ ಆಗಿಲ್ವಾ ನಿಮಗೆ? ಓದಿದ ಪುಸ್ತಕ ಅಂತಾನೂ?"

"ಎಲ್ಲೋ ಓದಿದ ಹಾಗೆ ಅನಿಸ್ತಿತ್ತು. ಕೊಲೆಗಾರನನ್ನ ಬೇಗ ಹಿಡೀತಿದ್ದೆ. ನಾನು ಚುರುಕಾಗ್ತಾ ಇದೀನಿ ಅಂದ್ಕೊಂಡೆ."

ಲೈಬ್ರರಿಯ ಹಿಂದಿನ ಕಟ್ಟೆಯ ಮೇಲೆ ಕೂತು ಅವಳು ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಯಾರೋ ಕಾರು ನಿಲ್ಲಿಸಿ ಎಲ್ಲ ಸರಿಯಾಗಿದೆಯೇ ಎಂದು ವಿಚಾರಿಸಿದರು. ಅವಳು ನನ್ನನ್ನು ಬಿಟ್ಟು ಹೋಗುತ್ತಿಲ್ಲವೆಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಚೀಲದಲ್ಲಿ ಉಳಿದಿದ್ದ ಪುಸ್ತಕಗಳನ್ನು ನಾನೇ ಎತ್ತಿ ಪೆಟ್ಟಿಗೆಗೆ ಹಾಕಲು ಹೋದೆ. ಅವಳು ಕೈ ಹಿಡಿದಳು.

"ನಿಮ್ಮ ಕೂಟದ ರಾಯರು ಓದಲ್ವಾ? ಅವರಿಗೆ ಕೊಡೋಣ."

ಆಗ ರಾಯರ ಕಣ್ಣಿನ ಸಂಗತಿಯನ್ನು ಹೇಳಿದೆ. ಅವಳ ನಗು ನಿಂತಿತು. ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು, "ನಡೀರಿ," ಎಂದಳು.

ರಾಯರಿಗೆ ಆವತ್ತೇ ಎಲ್ಲ ಹೇಳಿದೆವು. ತಾವು ಇಷ್ಟು ದಿನ ಕೊಲೆಗಾತಿ ಮಾಡಿದ್ದು ಈಕೆಯನ್ನೇ ಎಂದು ತಿಳಿದು ಅವರು ಎದ್ದು ನಿಂತು ಕೈಮುಗಿದರು. ಆಮೇಲೆ ನಿಧಾನವಾಗಿ, "ಹಾಗಾದ್ರೆ ಆ ಸೋಮಾರಿ ಗಂಡ..." ಎಂದು ನನ್ನ ಕಡೆ ತಿರುಗಿದರು. "ನಾನೇ," ಎಂದೆ. "ಛೆ," ಎಂದರು, ಆದರೆ ಮುಖದಲ್ಲಿ ಖುಷಿ ತುಳುಕುತ್ತಿತ್ತು.

ಮಾರ್ಚ್‌ನ ಕೂಟ ನಮ್ಮ ಮನೆಯಲ್ಲೇ ನಡೆಯಿತು. ರಾಯರು ತಮ್ಮ ಕಣ್ಣಿನ ವಿಷಯವನ್ನು ತಾವೇ ಹೇಳಿದರು. ಗ್ಲ್ಯಾಡಿಸ್ ಅವರ ಪಕ್ಕಕ್ಕೆ ಸರಿದು ಕೂತು, ಯಾವ ಡಾಕ್ಟರು, ಯಾವ ಡ್ರಾಪ್ಸು ಎಂದು ಬೈಯುವಂತೆ ಕೇಳಿದರು. ಆಮೇಲೆ, ಕಾನೂನು ಮುರಿದು, ಕಾದಂಬರಿಯ ಕೊನೆ ಹೇಳಿದೆವು. ಚೀಲದಲ್ಲಿದ್ದದ್ದು ಪುಸ್ತಕ ಎಂದಾಗ ಲತಾ ಪ್ಲೇಟು ಕೆಳಗಿಟ್ಟರು.

"ಇಷ್ಟ ಏನ್ರೀ? ಇದನ್ನ ಯಾರು ನಂಬತಾರ್ರೀ? ತಂದ ಪುಸ್ತಕಾನ ತಿರುಗಿ ತರೋ ಗಂಡ ಎಲ್ಲಿರ್ತಾನ?"

ನಾನು ಇಲ್ಲಿಯೇ ಇದ್ದೇನೆ ಎಂದರೂ ಒಪ್ಪಲಿಲ್ಲ. ಕಿಡ್ನಿಯೇ ವಾಸಿಯಿತ್ತು ಎಂದರು ಗ್ಲ್ಯಾಡಿಸ್. ಕೈಯೆತ್ತಿ ಮತ ಹಾಕಿ, ಮುಕ್ತಾಯ ದುರ್ಬಲವೆಂದು ತೀರ್ಮಾನಿಸಿದರು. ರಾಯರೂ ಕೈಯೆತ್ತಿದರು.

ಈಗ ಗುರುವಾರ ಬೆಳಿಗ್ಗೆ ಸುಮಿತ್ರಾ ರಾಯರ ಮನೆಗೆ ಹೋಗಿ ಅವರಿಗೆ ಪುಸ್ತಕ ಓದಿ ಹೇಳುತ್ತಾಳೆ. ಅವಳಿಗೆ ಪತ್ತೇದಾರಿಯ ಗಂಧವಿಲ್ಲ, ಸಸ್ಪೆನ್ಸ್ ತಡೆದುಕೊಳ್ಳುವ ಶಕ್ತಿಯೂ ಇಲ್ಲ. ಆದ್ದರಿಂದ ಮೊದಲು ಕೊನೆಯ ಅಧ್ಯಾಯವನ್ನು ಓದಿ, ಕೊಲೆಗಾರನ ಹೆಸರನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಮೊದಲ ಪುಟಕ್ಕೆ ಬರುತ್ತಾಳೆ. ಇದು ಗೊತ್ತಾದಾಗ ನನಗೆ ಮೈಯೆಲ್ಲ ಉರಿಯಿತು. ಒಂದು ಗುರುವಾರ ವರ್ಕ್ ಫ್ರಂ ಹೋಮ್ ನೆಪದಲ್ಲಿ ಹೋಗಿ ಸುಮಿತ್ರಾಳ ಪರವಾಗಿ ರಾಯರ ಕ್ಷಮೆ ಕೇಳಿದೆ. ಇಂಥ ಅನ್ಯಾಯವನ್ನು ಹೇಗೆ ಸಹಿಸಿಕೊಂಡಿದ್ದೀರಿ ಎಂದೆ.

ರಾಯರು ಕಿಟಕಿಗೆ ಬೆನ್ನು ಹಾಕಿ, ಕಾಲ ಮೇಲೆ ಶಾಲು ಹೊದ್ದು ಕೂತಿದ್ದರು.

"ಇಲ್ಲ ಮಾರಾಯ್ರೆ, ಇದೇ ಒಳ್ಳೇದು," ಎಂದರು. "ಇಷ್ಟು ವರ್ಷ ಎಲ್ಲರ ಮೇಲೂ ಸಂಶಯ ಪಟ್ಕೊಂಡೇ ಓದಿದೆ. ಆ ಅಡಿಗೆಯವಳು, ಆ ತೋಟದವ, ಆ ಮುದುಕಿ ಅತ್ತೆ. ಪಾಪ, ಎಂಥ ಒಳ್ಳೆ ಜನ ಗೊತ್ತುಂಟಾ? ಈಗ ಮಾಡಿದವ ಯಾರಂತ ಮೊದಲೇ ಗೊತ್ತಾಗ್ತದಲ್ಲ, ಉಳಿದವರ ಜೊತೆ ನೆಮ್ಮದಿಯಲ್ಲಿ ಕೂತ್ಕೊಳ್ಬಹುದು."