ಕೆಟ್ಟೇ ಇರಬೇಕಿದ್ದ ರಿವಾಲ್ವರ್

ನಿನ್ನೆ ಬಾಗಿಲ ಬಿಜಾಗರಿಗೆ ಎಣ್ಣೆ ಬಿಡುತ್ತಿದ್ದೆ. ತುಕ್ಕು, ತೆಂಗಿನೆಣ್ಣೆ ಎರಡೂ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ಬ್ರಹ್ಮಾವರದ ಸೋದರತ್ತೆಯ ನೆನಪಾಯಿತು. ಅತ್ತೆಗೂ ತುಕ್ಕಿಗೂ ಏನು ಸಂಬಂಧ ಎಂದು ನೀವು ಕೇಳದಿದ್ದರೂ ನಾನು ಹೇಳದೆ ಬಿಡುವವನಲ್ಲ.

ಮಾವ ತೀರಿಹೋದಾಗ ಅತ್ತೆಗೆ ಅವರ ನೆನಪಿಗೆಂದು ಉಳಿದದ್ದು ಒಂದು ಹಳೆಯ ರಿವಾಲ್ವರ್. ಊರು ಬಿಡುವಾಗ ಯಾವನೋ ಬಿಳಿ ದೊರೆ ಮಾವನ ಅಪ್ಪನಿಗೆ ಕೊಟ್ಟದ್ದಂತೆ. ದೊರೆಗಳ ಔದಾರ್ಯವೇ ಹಾಗೆ, ಕೆಟ್ಟದ್ದನ್ನು ಮಾತ್ರ ಬಿಟ್ಟುಹೋಗುತ್ತಿದ್ದರು. ಗುಂಡು ತುಂಬುವ ಗಾಲಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮಾವ ಬದುಕಿದ್ದಾಗ ಭಾನುವಾರ ಜಗಲಿಯಲ್ಲಿ ಕುಳಿತು ಅದಕ್ಕೆ ಎಣ್ಣೆ ಬಿಟ್ಟು ತಿರುಗಿಸಲು ಹೆಣಗುತ್ತಿದ್ದರು. ಅತ್ತೆ ಚಾ ತಂದಿಟ್ಟು ಪಕ್ಕದಲ್ಲಿ ಕೂರುತ್ತಿದ್ದರು. ಅವರ ದಾಂಪತ್ಯದ ಮಾತುಕತೆಯೆಲ್ಲ ನಡೆದದ್ದು ಅದರ ಎದುರಿಗೇ.

ಅರವತ್ತರ ದಶಕದಲ್ಲಿ ಹೊಸ ಕಾನೂನು ಬಂತು, ಠಾಣೆಯವರು ಲೈಸೆನ್ಸ್ ಕೇಳಿದರು. ಇದ್ದ ಲೈಸೆನ್ಸ್ ಮದರಾಸು ಸರಕಾರದ್ದು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಗೆದ್ದಲು ಅದನ್ನು ತಿಂದು ಮುಗಿಸಿತ್ತು. ಹೇಗಾದರೂ ಉಳಿಸಿಕೊಡು ಎಂದು ಅತ್ತೆ ನನಗೆ ಹೇಳಿಕಳಿಸಿದರು. ನಾನಾಗ ಕುಂದಾಪುರದಲ್ಲಿ ಕರಿಕೋಟು ಹಾಕಿ ಆರು ತಿಂಗಳಾಗಿದ್ದ ವಕೀಲ. ಕಕ್ಷಿದಾರರ ಕಾಟವಿಲ್ಲದ್ದರಿಂದ ಕಾನೂನು ಓದಲು ಧಾರಾಳ ಸಮಯವಿತ್ತು. ಹುಡುಕಿದೆ, ಸಿಕ್ಕಿತು: ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾಗದ ಹಳೆಯ ಆಯುಧಕ್ಕೆ ಲೈಸೆನ್ಸ್ ಬೇಡ. ಕೆಲಸ ತಿಳಿದವನೊಬ್ಬ ಇದು ರಿಪೇರಿಯಾಗದೆಂದು ಬರೆದುಕೊಟ್ಟರೆ ಸಾಕು ಎಂದರು ಎಸ್ಸೈ.

ತಿಳಿದವನು ಎಂದರೆ ಸಾಮಾನ್ಯನಾದರೆ ಸಾಲದು ಎಂದಿತು ನನ್ನ ಬುದ್ಧಿ. ಗಂಗೊಳ್ಳಿಯಲ್ಲಿ ದೋಣಿಯ ಇಂಜಿನುಗಳನ್ನು ಬದುಕಿಸುವ ಆಚಾರಿಯೊಬ್ಬರಿದ್ದರು. ಅವರ ಕೈಯಲ್ಲಿ ಆಗದ್ದು ಯಾರ ಕೈಯಲ್ಲೂ ಆಗದೆಂದು ಊರೇ ಹೇಳುತ್ತಿತ್ತು. ರಿವಾಲ್ವರನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ, ಲೈಸೆನ್ಸಿಲ್ಲದೆ ಆಯುಧ ಸಾಗಿಸಬಾರದೆಂಬ ಕಲಮನ್ನು ನೆನೆಯುತ್ತಾ ಹೊಳೆ ದಾಟಿದೆ. ಇದು ರಿಪೇರಿಯಾಗದು ಎಂದು ಎರಡು ಸಾಲು ಬರೆದುಕೊಡಿ ಎಂದೆ.

"ಹ್ವಾಯ್ ವಕೀಲ್ರೆ, ಆತಿಲ್ಲೆ ಅಂದ್ ನನ್ ಹತ್ರ ಹೇಳ್ಸುಕೆ ಬಂದದ್ದಾ?" ಆಚಾರಿಯವರ ಮುಖ ಕಪ್ಪಿಟ್ಟಿತು. ನಾಲ್ಕು ದಿನ ಬಿಟ್ಟು ಬರಲು ಹೇಳಿದರು.

ಹೋದರೆ ಗಾಲಿ ಗರಗರ ತಿರುಗುತ್ತಿತ್ತು, ಗುಂಡು ಹಾರಿಸುವ ಕುದುರೆ ಎಳೆದರೆ ಟಕ್ಕೆನ್ನುತ್ತಿತ್ತು. ಲೈಸೆನ್ಸಿಲ್ಲದೆ ರಿಪೇರಿ ಮಾಡುವುದೂ ಅಪರಾಧವೆಂಬ ಇನ್ನೊಂದು ಕಲಮು ನನಗೆ ಆಗ ನೆನಪಾಯಿತು. ನಳಿಗೆಗೆ ಸೀಸ ಹೊಯ್ದಾದರೂ ಕೆಡಿಸಿಕೊಡಿ ಎಂದು ಅಂಗಲಾಚಿದೆ.

"ಸಮ ಮಾಡಿದ್ದನ್ನ ಹಾಳ್ ಮಾಡುಕೆ ನಂಗ್ ಬತ್ತಿಲ್ಲೆ" ಎಂದರು ಆಚಾರಿ.

ಅಷ್ಟರಲ್ಲಿ ಅವರ ಪ್ರತಾಪ ಹೊಳೆ ದಾಟಿ ಠಾಣೆಗೂ ಮುಟ್ಟಿತ್ತು. ಠಾಣೆಯ ಜೀಪೂ ಅವರ ಕೈಗುಣದಿಂದಲೇ ಓಡುತ್ತಿದ್ದುದರಿಂದ ರಿಪೇರಿಯ ಅಪರಾಧ ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಗುಂಡು ಹಾರಿಸಬಲ್ಲ, ಲೈಸೆನ್ಸಿಲ್ಲದ ರಿವಾಲ್ವರನ್ನು ಮಾತ್ರ ಠಾಣೆಗೆ ಒಪ್ಪಿಸಬೇಕಾಯಿತು.

ಒಪ್ಪಿಸುವ ದಿನ ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಗಾಲಿ ತಿರುಗಿಸಿದರು. ಮತ್ತೆ ತಿರುಗಿಸಿದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ.

"ಇದ್ ತಿರ್ಗುದ್ ಕಾಂಬುಕೆ ಅವ್ರ್ ಇರ್ಕಿತ್ತ್ ಮಗಾ" ಎಂದರು. ನೋಡಲು ಮಾವ ಇರಬೇಕಿತ್ತಂತೆ.

ಆಮೇಲೆ ಅವರು ಜಗಲಿಯಲ್ಲಿ ಕೂತದ್ದನ್ನು ನಾನು ಕಾಣಲಿಲ್ಲ. ನಾನು ಗಂಗೊಳ್ಳಿಗೆ ಹೋಗದೆ ಯಾರೋ ಒಬ್ಬ ಸಾಧಾರಣ ಕಮ್ಮಾರನ ಸಹಿ ತಂದಿದ್ದರೆ ಸಾಕಿತ್ತು. ಅತ್ತೆಯಿಂದ ಅದನ್ನು ಕಿತ್ತುಕೊಂಡದ್ದು ಕಾನೂನಲ್ಲ, ನನ್ನ ಜಾಣತನ. ಇಷ್ಟು ವರ್ಷ ಕೋರ್ಟಿನಲ್ಲಿ ವಕೀಲ ಮಿತ್ರರನ್ನು ನಗಿಸಲು ಈ ಕತೆ ಹೇಳುತ್ತಾ ಬಂದಿದ್ದೇನೆ, ಪ್ರತಿಸಲವೂ ಅತ್ತೆಯ ಆ ಒಂದು ಮಾತನ್ನು ಬಿಟ್ಟು. ಇವತ್ತು ಅದನ್ನೂ ಹೇಳಿದ್ದೇನೆ.