ಅರಿಶಿನ ಮೆತ್ತಿದ ವಜ್ರ

ಚಿತ್ರದುರ್ಗದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡೇ ನಾನು ಮುದುಕನಾದೆ. ಕನ್ನಡಕದವನಿಗೂ ವಜ್ರಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಜೀವಮಾನವಿಡೀ ಗಾಜು ನೋಡಿದವನಿಗೆ ಗಾಜಲ್ಲದ್ದು ಯಾವುದು ಅಂತ ತಾನಾಗಿಯೇ ಗೊತ್ತಾಗುತ್ತದೆ. ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ಭೂತಗನ್ನಡಿ ಇರುತ್ತದೆ. ಹಿರಿಯೂರಿನಿಂದ ಹೊಸದುರ್ಗದವರೆಗೆ ನಮ್ಮ ನೆಂಟರಲ್ಲಿ ಯಾರೇ ಒಡವೆ ಕೊಳ್ಳಲು ಹೊರಟರೂ ಮೊದಲು ನನ್ನನ್ನು ಕರೆಯುತ್ತಾರೆ. ಕರೆಯುತ್ತಾರೆ, ಆದರೆ ನಂಬುವುದಿಲ್ಲ.

ಅದಕ್ಕೆ ಕಾರಣ ನನ್ನ ಭಾವ, ಅಂದರೆ ಯಲ್ಲದಕೆರೆಗೆ ಕೊಟ್ಟ ನನ್ನ ತಂಗಿಯ ಗಂಡ. ಕುರಿ ಸಾಕುವ ಮನುಷ್ಯ. ಮದುವೆಯಲ್ಲಿ ಅವನಿಗೆ ನಾನೊಂದು ಉಂಗುರ ಹಾಕಿದ್ದೆ. ಬಂಗಾರವೇನೋ ಬಂಗಾರವೇ. ಆದರೆ ಅದರಲ್ಲಿ ಕೂರಿಸಿದ್ದು ನಾನೇ ಉಜ್ಜಿ ಏಣು ಮೂಡಿಸಿದ ಪ್ಲಾಸ್ಟಿಕ್ ಲೆನ್ಸಿನ ಚೂರು. ‘ವಜ್ರ ಕಣಪ್ಪಾ’ ಅಂದಿದ್ದೆ. ಕುರಿ ಸಂತೆಗೆ ಹೋದಾಗಲೆಲ್ಲ ಅವನು ಆ ಬೆರಳನ್ನೇ ಮುಂದೆ ಮಾಡಿ ಚೌಕಾಸಿ ಮಾಡುತ್ತಿದ್ದ. ವಜ್ರ ಗಾಜನ್ನು ಕೊಯ್ಯುತ್ತದೆ ಅಂತ ಯಾರೋ ಹೇಳಿದರಂತೆ, ಐಮಂಗಲದ ಹತ್ತಿರ ಬಸ್ಸಿನ ಕಿಟಕಿಗೆ ಉಜ್ಜಿ ನೋಡಿದ. ಗಾಜಿಗೆ ಏನೂ ಆಗಲಿಲ್ಲ, ಉಂಗುರದ ಕಲ್ಲಿನ ಮೇಲೆ ಗೆರೆ ಬಿತ್ತು. ಆಮೇಲೆ ಅವನು ಅದೇ ಉಂಗುರಕ್ಕೆ ಹವಳ ಕೂರಿಸಿಕೊಂಡ. ಆ ಕಥೆಯನ್ನು ನನಗಿಂತ ಚೆನ್ನಾಗಿ ಅವನೇ ಹೇಳುತ್ತಾನೆ.

ಹೀಗಿರುವಾಗ ತಂಗಿಯ ಮಗಳ ಮದುವೆ ಗೊತ್ತಾಯಿತು. ಹುಡುಗ ಶ್ರೀರಾಂಪುರದವನು. ನಮ್ಮಲ್ಲಿ ಮದುಮಗಳ ಮೂಗುಬಟ್ಟು ಸೋದರಮಾವನೇ ಕೊಡಬೇಕು. ತಂಗಿ ನನ್ನನ್ನು ಕೇಳದೆಯೇ ‘ನಮ್ಮಣ್ಣ ಅಸಲಿ ವಜ್ರದ್ದು ಹಾಕ್ತಾನೆ’ ಅಂತ ಬೀಗರ ಮನೆಯವರಿಗೆಲ್ಲ ಹೇಳಿಬಿಟ್ಟಿದ್ದಳು. ಹೇಳಿದ ಮೇಲೆ ಅವಳಿಗೆ ನಿದ್ದೆ ಹತ್ತಲಿಲ್ಲ. ಮಾರನೇ ದಿನವೇ ಗಂಡನನ್ನು ಎಬ್ಬಿಸಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿದಳು.

“ಅಣ್ಣಾ, ಕೈ ಮುಗೀತೀನಿ. ಇದೊಂದರಾಗೆ ಆಟ ಆಡಬ್ಯಾಡ. ನಕಲಿ ಅಂತ ಗೊತ್ತಾದ್ರೆ ನನ್ ಮಗಳು ಆ ಮನ್ಯಾಗೆ ಸಾಯೋ ತನಕ ಅದನ್ನೇ ಕೇಳ್ಬೇಕಾಗ್ತೈತೆ,” ಅಂದಳು.

“ನೀನೇ ಜೊತೆಗೆ ಬಾರಮ್ಮ, ಕಣ್ಣೆದುರಿಗೇ ಕೊಡಿಸ್ತೀನಿ. ಹೋಗಾಣ ನಡೀರಿ,” ಅಂದೆ.

ಒಡವೆ ಅಂಗಡಿಯವನು ಮಖಮಲ್ಲಿನ ತಟ್ಟೆ ತುಂಬ ಮೂಗುಬಟ್ಟು ಹರಡಿದ. ತಂಗಿ ಎಲ್ಲಕ್ಕಿಂತ ಹೆಚ್ಚು ಮಿನುಗುವುದನ್ನೇ ಎತ್ತಿಕೊಂಡಳು. ಅದು ಅಮೆರಿಕನ್ ಡೈಮಂಡ್. ಹೆಸರಿಗಷ್ಟೇ ಡೈಮಂಡ್, ಫ್ಯಾಕ್ಟರಿಯಲ್ಲಿ ಮಾಡಿದ ಬೇರೆಯದೇ ಕಲ್ಲು. ಅಂಗಡಿಯವನೂ ಮುಚ್ಚಿಡದೆ ಹಾಗೇ ಹೇಳಿದ.

“ಬಣ್ಣ ಬಣ್ಣದ ಕಿಡಿ ಜಾಸ್ತಿ ಕಾರಿದ್ರೆ ಮೊದಲು ಅನುಮಾನ ಪಡು,” ಅಂದೆ. “ವಜ್ರದಾಗೂ ಬಣ್ಣ ಐತೆ. ಆದ್ರೆ ಬೆಳ್ಳನೆ ಹೊಳಪು ಮುಂದಿರ್ತೈತೆ, ಬಣ್ಣ ಅದರ ಹಿಂದಿರ್ತೈತೆ.”

ಭಾವ ಒಂದನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದ. “ಕುರಿಯಾದ್ರೆ ಹಲ್ಲು ಬಿಡಿಸಿ ವಯಸ್ಸು ಹೇಳ್ತೀನಿ. ಇದರ ಬಾಯಿ ಎಲ್ಲೈತಪ್ಪಾ?”

“ಹಿಂದ್ಗಡೆ ಐತೆ, ನೋಡು,” ಅಂದೆ. ನಾನು ಹೇಳಿದ್ದು ತಮಾಷೆಗಲ್ಲ. ಕಲ್ಲಿನ ಬೆನ್ನು ಕಾಣುವಂತೆ ತೆರೆದು ಕಟ್ಟಿದ್ದರೆ ಪರೀಕ್ಷೆ ಸುಲಭ. ಬೆನ್ನು ಮುಚ್ಚಿದ್ದರೆ ಒಳಗೆ ಹೊಳೆಯುವ ತಗಡು ಇಟ್ಟು ಗಾಜನ್ನೂ ಮಿಂಚಿಸಬಹುದು. ಹಳೆಯ ಕಾಲದ ಅಸಲಿ ಒಡವೆಗಳಲ್ಲೂ ಬೆನ್ನು ಮುಚ್ಚಿರುತ್ತದೆ, ಆದ್ದರಿಂದ ಅದೊಂದನ್ನೇ ನೋಡಿ ನಕಲಿ ಅಂತ ಹೇಳಲಾಗದು. ಹೊಸದು ಕೊಳ್ಳುವಾಗ ಮಾತ್ರ ತೆರೆದದ್ದನ್ನೇ ಕೇಳಿ.

ನಾನು ಆರಿಸಿದ ಕಲ್ಲಿಗೆ ಅಂಗಡಿಯವನು ಪೆನ್ನಿನಂಥ ಟೆಸ್ಟರ್ ಮುಟ್ಟಿಸಿದ. ಅದು ಕುಂಯ್ ಅಂತು. “ಕೇಳಿಸ್ತಾ ಅಮ್ಮಾ? ಅಸಲಿ,” ಅಂದ.

“ಮೊಯ್ಸನೈಟಿಗೂ ಹಿಂಗೇ ಕೂಗ್ತೈತಲ್ಲಪ್ಪ ನಿನ್ ಪೆನ್ನು?” ಅಂದೆ. ಅವನ ಮುಖ ನೋಡಬೇಕಿತ್ತು. ಆ ಟೆಸ್ಟರ್ ನೋಡುವುದು ಕಲ್ಲು ಶಾಖವನ್ನು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಅನ್ನುವುದನ್ನು. ಮೊಯ್ಸನೈಟ್ ಅನ್ನುವ ತಯಾರಿಸಿದ ಕಲ್ಲು ಆ ವಿದ್ಯೆಯಲ್ಲಿ ವಜ್ರದ ತಮ್ಮ. ಅದನ್ನು ಹಿಡಿಯಬೇಕಾದರೆ ಭೂತಗನ್ನಡಿಯಲ್ಲಿ ಕಲ್ಲನ್ನು ಸ್ವಲ್ಪ ಓರೆ ಮಾಡಿ ನೋಡಬೇಕು. ಹಿಂಬದಿಯ ಗೆರೆಗಳು ಒಂದರ ಪಕ್ಕ ಒಂದು ಜೋಡಿಯಾಗಿ ಕಂಡರೆ ಮೊಯ್ಸನೈಟ್. ನಾನು ನೋಡಿದೆ, ಗೆರೆಗಳು ಒಂಟಿಯಾಗಿದ್ದವು. ಕೊನೆಗೆ ಬಾಯಿಂದ ‘ಹಾ’ ಅಂತ ಆವಿ ಬಿಟ್ಟೆ. ಮಂಜು ಕಟ್ಟಿದ ಕ್ಷಣವೇ ಹೋಯಿತು. ವಜ್ರದ ಮೇಲೆ ಆವಿ ನಿಲ್ಲುವುದಿಲ್ಲ, ಗಾಜಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತದೆ. ತಂಗಿಯೂ ‘ಹಾ’ ಅಂದಳು. ಭಾವನೂ ಅಂದ. ಬೆಳಗಿನ ಈರುಳ್ಳಿ ಬೋಂಡದ ವಾಸನೆ ಅಂಗಡಿಗೆಲ್ಲ ಹಬ್ಬಿತು. ಮೂಗುಬಟ್ಟು ಕೊಂಡೆವು.

ಮದುವೆ ಹೊಸದುರ್ಗದ ಒಂದು ಕಲ್ಯಾಣ ಮಂಟಪದಲ್ಲಿ. ಅರಿಶಿನದ ಶಾಸ್ತ್ರ ಎರಡೂ ಕಡೆಯವರದು ಅಲ್ಲೇ. ಹೆಂಗಸರು ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹುಡುಗಿಯ ಕೆನ್ನೆ, ಹಣೆ, ಮೂಗು ಒಂದನ್ನೂ ಬಿಡದೆ ಮೆತ್ತಿದರು. ಬೀಗರ ಕಡೆಯಲ್ಲಿ ಹಿರಿಯರೆಂದರೆ ಹುಡುಗನ ದೊಡ್ಡಮ್ಮ. ಹೊಳಲ್ಕೆರೆಯವರು. ಹುಡುಗನ ಮನೆಯಲ್ಲೂ ಅವರ ಮಾತೇ ಮಾತು. ಅವರ ಮೂಗಿನಲ್ಲೂ ಒಂದು ಮೂಗುಬಟ್ಟು, ಅಷ್ಟು ದೂರದಿಂದಲೇ ಝಗಮಗ ಅನ್ನುತ್ತಿತ್ತು.

“ಎಲ್ಲಿ ಮಗಾ, ನಿಮ್ ಸೋದರಮಾವ ಕೊಟ್ಟಿದ್ದು ಬಿಚ್ಚಿ ತಾ,” ಅಂದರು ದೊಡ್ಡಮ್ಮ.

ಹುಡುಗಿ ತಿರುಪು ಬಿಚ್ಚಿ ಕೊಟ್ಟಳು. ದೊಡ್ಡಮ್ಮ ಸೆರಗಿನ ತುದಿಯಿಂದ ಒರೆಸಿದರು, ಬೆಳಕಿಗೆ ಹಿಡಿದರು, ಆಮೇಲೆ ಎಲ್ಲರೂ ನೋಡುವಂತೆ ‘ಹಾ’ ಅಂದರು. ಕಲ್ಲು ಮಂಕಾಯಿತು. ಮಂಕಾದದ್ದು ಹಾಗೇ ಇತ್ತು. ಮತ್ತೊಮ್ಮೆ ‘ಹಾ’ ಅಂದರು. ಆಗಲೂ ಹಾಗೇ.

“ಆವಿ ಹೋಗವಲ್ದು ಕಣ್ರೀ. ಇದು ವಜ್ರನಾ?” ಅಂತ ನನ್ನ ತಂಗಿಯ ಕಡೆ ತಿರುಗಿದರು.

ತಂಗಿ ನನ್ನನ್ನೇ ನೋಡಿದಳು. ನಾನು ಮಾಡಿದ ತಪ್ಪೆಂದರೆ ಆಗ ನಕ್ಕದ್ದು. ಆವಿ ಯಾಕೆ ಹೋಗಲಿಲ್ಲ ಅನ್ನುವುದು ಥಟ್ಟನೆ ಹೊಳೆದು ನಗು ಬಂತು. ಆದರೆ ನನ್ನ ನಗುವಿಗೆ ನಮ್ಮವರಲ್ಲಿ ಒಂದೇ ಅರ್ಥ.

“ನೋಡ್ರಿ, ನಗ್ತಾನೆ!” ಅಂದ ಭಾವ. “ನಂಗೆ ಹಾಕಿದ ಟೋಪೀನೇ ನನ್ ಮಗಳಿಗೂ ಹಾಕಿದ್ಯೇನಲೇ? ಅಂಗಡ್ಯಾಗೆ ತೋರ್ಸಿದ್ದು ಒಂದು, ಇಲ್ಲಿಗೆ ತಂದಿದ್ದು ಒಂದು!”

ಹುಡುಗಿಯ ಅರಿಶಿನದ ಕೆನ್ನೆ ಮೇಲೆ ಕಣ್ಣೀರು ಇಳಿಯಿತು. ಆಗ ನನ್ನ ನಗು ನಿಂತಿತು.

“ಯಾರೂ ಮಾತಾಡಬ್ಯಾಡ್ರಿ, ಸುಮ್ನೆ ಕುಂತ್ಕಳ್ರಿ,” ಅಂದು ಅಡುಗೆ ಮನೆಯಿಂದ ಒಂದು ಬಟ್ಟಲು ಬಿಸಿನೀರು, ಪಾತ್ರೆ ತೊಳೆಯುವ ಸೋಪು ತರಿಸಿದೆ. ಭಾವನ ಚೀಲದಿಂದ ಅವನದೇ ಹಲ್ಲುಜ್ಜುವ ಬ್ರಷ್ ಎತ್ತಿದೆ. ಮೂಗುಬಟ್ಟನ್ನು ಬಟ್ಟಲಲ್ಲಿ ನೆನೆಸಿ, ಮುಂದೆ ಹಿಂದೆ ಎರಡೂ ಕಡೆ ಉಜ್ಜಿ, ಲೆನ್ಸ್ ಒರೆಸುವ ಬಟ್ಟೆಯಲ್ಲಿ ಒರೆಸಿ ದೊಡ್ಡಮ್ಮನ ಅಂಗೈಯಲ್ಲಿ ಇಟ್ಟೆ.

“ಈಗ ಆವಿ ಬಿಡ್ರಮ್ಮಾ.”

‘ಹಾ’ ಅಂದರು. ಮಂಜು ಕೂತಿತೋ ಇಲ್ಲವೋ ಅನ್ನುವಷ್ಟರಲ್ಲಿ ಹೋಗಿತ್ತು. ಇನ್ನೊಂದು ಸಲ ಅಂದರು. ಪಕ್ಕದವರ ಕೈಗೂ ಕೊಟ್ಟು ಅನ್ನಿಸಿದರು.

“ವಜ್ರಕ್ಕೆ ಎಣ್ಣೆ ಅಂದ್ರೆ ಪ್ರಾಣ,” ಅಂದೆ. “ನೀರು ಹತ್ರ ಸೇರ್ಸಲ್ಲ, ಎಣ್ಣೆ ಕಂಡ್ರೆ ತಬ್ಕಂತೈತೆ. ನೀವು ಆವಿ ಬಿಟ್ಟಿದ್ದು ವಜ್ರದ ಮ್ಯಾಲಲ್ಲ, ಕೊಬ್ಬರಿ ಎಣ್ಣೆ ಮ್ಯಾಲೆ. ಸೆರಗಿನಾಗೆ ಒರೆಸಿದ್ರೆ ಅದು ಬಿಡಲ್ಲ.”

ದೊಡ್ಡಮ್ಮ ನಕ್ಕರು. ನಾನು ಭಾವನ ಕಡೆ ನೋಡಿ ಮೀಸೆ ತಿರುವಿದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ತಮ್ಮ ಮೂಗುಬಟ್ಟನ್ನೂ ಬಿಚ್ಚಿ ನನ್ನ ಕೈಗೆ ಕೊಟ್ಟರು.

“ಬೀಗ್ರೇ, ನಂದೂ ಒಂಚೂರು ನೋಡ್ರಿ. ನಮ್ ಯಜಮಾನ್ರು ಇದ್ದಾಗ ಮಾಡ್ಸಿಕೊಟ್ಟಿದ್ದು. ಎಂಥಾ ವಜ್ರ ಅಂತ ಎಲ್ಲಾರ್ಗೂ ಕೇಳೋ ಹಂಗೆ ಹೇಳ್ರಿ.”

ಭೂತಗನ್ನಡಿ ಹಿಡಿದೆ. ವಜ್ರವಾದರೆ ಎಷ್ಟು ವರ್ಷವಾದರೂ ಅದರ ಏಣುಗಳು ಚಾಕುವಿನ ಬಾಯಿಯಂತೆ ಇರಬೇಕು. ಇದರ ಏಣುಗಳೆಲ್ಲ ಸವೆದು ದುಂಡಗಾಗಿದ್ದವು, ಮೇಲೆಲ್ಲ ಸಣ್ಣ ಸಣ್ಣ ಗೀರುಗಳು. ಅಮೆರಿಕನ್ ಡೈಮಂಡ್. ಯಾವ ಅನುಮಾನವೂ ಇರಲಿಲ್ಲ.

ನಾಲಿಗೆ ತುದಿಯವರೆಗೆ ಬಂದಿತ್ತು. ಈ ವಯಸ್ಸಿನಲ್ಲಿ ಅಂಥ ಅವಕಾಶ ಎಷ್ಟು ಸಲ ಸಿಗುತ್ತದೆ ಹೇಳಿ. ಇಡೀ ಮಂಟಪವೇ ಕಿವಿ ತೆರೆದು ನಿಂತಿದೆ, ಐದು ನಿಮಿಷದ ಹಿಂದೆ ನನ್ನ ತಂಗಿಯ ಮುಖ ಇಳಿಸಿದವರೇ ಕೈಗೆ ಸಿಕ್ಕಿದ್ದಾರೆ. ತಲೆ ಎತ್ತಿದೆ. ದೊಡ್ಡಮ್ಮನ ಪಕ್ಕದಲ್ಲೇ ಹುಡುಗಿ, ಬರಿ ಮೂಗಿನಲ್ಲಿ, ನನ್ನನ್ನೇ ನೋಡುತ್ತ ಕೂತಿದ್ದಳು. ನಾನು ಗೆದ್ದು ಬಸ್ಸು ಹತ್ತುತ್ತೇನೆ. ಅವಳು ಅವರ ಮಾತು ನಡೆಯುವ ಮನೆಗೆ ಹೋಗಬೇಕು.

“ಕೆಲಸ ಬಾಳ ಚೆನ್ನಾಗೈತಮ್ಮಾ,” ಅಂದೆ. “ಬಂಗಾರ ಹಳೇದು, ಗಟ್ಟಿ ಐತೆ. ಯಾರು ಏನಂದ್ರೂ ಇದನ್ನ ಮಾರಬ್ಯಾಡ್ರಿ, ಕೆಡಿಸಿ ಬ್ಯಾರೆ ಮಾಡಿಸ್ಲೂಬ್ಯಾಡ್ರಿ. ನಿಮ್ ಮೂಗಿಗೇ ಇರ್ಲಿ.” ಅದರಲ್ಲಿ ಒಂದು ಮಾತೂ ಸುಳ್ಳಲ್ಲ.

ದೊಡ್ಡಮ್ಮನ ಮುಖ ಊರಗಲ ಆಯಿತು. ಹುಡುಗಿಯನ್ನು ಹತ್ತಿರ ಎಳೆದುಕೊಂಡು, ತಮ್ಮ ಕೈಯಾರೆ ಮೂಗುಬಟ್ಟು ಹಾಕಿ, ತಿರುಪು ಬಿಗಿ ಮಾಡಿದರು.

ಊಟಕ್ಕೆ ಕೂತಾಗ ಹೋಳಿಗೆ ಬಡಿಸಲು ಬಂದ ತಂಗಿ ನನ್ನ ಕಿವಿಯ ಹತ್ತಿರ ಬಗ್ಗಿದಳು. “ಅವರದ್ದು ನೋಡುವಾಗ ನೀನ್ಯಾಕೆ ನಗ್ಲಿಲ್ಲ? ನಿಜ ಹೇಳು.”

“ತುಪ್ಪ ಹಾಕಮ್ಮಾ,” ಅಂದೆ.

ಈಗ ಆ ದೊಡ್ಡಮ್ಮ ಶ್ರೀರಾಂಪುರಕ್ಕೆ ಬಂದಾಗಲೆಲ್ಲ ಸೊಸೆಯ ಮೂಗುಬಟ್ಟು ಬಿಚ್ಚಿಸಿ, ಅಕ್ಕಪಕ್ಕದವರನ್ನು ಕರೆದು, ಆವಿ ಬಿಟ್ಟು ತೋರಿಸುತ್ತಾರಂತೆ. ಅದಕ್ಕೂ ಮೊದಲು ಬಿಸಿನೀರು ಸೋಪಿನಲ್ಲಿ ಅದನ್ನು ತೊಳೆದಿಡುವ ಕೆಲಸ ಹುಡುಗಿಯದು. ಮೊನ್ನೆ ಫೋನ್ ಮಾಡಿದ್ದಳು.

“ಮಾವಾ, ನೀನು ನಕಲೀದೇ ಕೊಟ್ಟಿದ್ರೆ ನಂಗೆ ಈ ಪಾಡು ತಪ್ತಿತ್ತು,” ಅಂದಳು.